ನಕ್ಕವರೇ ಹುಡುಕಬೇಕು

ಟೈಲರಿಂಗ್‌ನಲ್ಲಿ ಯಾರೂ ಅಳತೆಯನ್ನು ತಲೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಎದೆ 36, ಸೊಂಟ 32, ತೋಳು 10 ಅಂತ ಪುಸ್ತಕದಲ್ಲಿ ಬರೆಯುತ್ತೇವೆ. ಸಾಲದು ಅಂತ ಅಳತೆ ಬ್ಲೌಸನ್ನೂ ಇಸ್ಕೊಳ್ಳುತ್ತೇವೆ. ಅದಕ್ಕೆ ಮರೆವು ಅಂತ ಯಾರಾದರೂ ಅಂತಾರಾ? ಮುಟ್ಟು ಏರುಪೇರಾಗುವ ಹೊತ್ತಿಗೆ ನನಗೆ ಮರೆವು ಶುರುವಾದಾಗ ನಾನು ಮಾಡಿದ್ದು ಇಷ್ಟೇ. ಅಳತೆ ಪುಸ್ತಕದ ಬುದ್ಧಿಯನ್ನು ಅಡುಗೆಮನೆಗೂ ತಂದೆ.

ಮೈಸೂರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬಾಗಿಲಲ್ಲಿ ನಿಂತವರು ಎಷ್ಟೋ ವರ್ಷದ ಗಿರಾಕಿ. ಮುಖ ಗೊತ್ತು, ಬೆನ್ನಿನ ಅಳತೆ ಗೊತ್ತು, ಹೆಸರು ಮಾತ್ರ ಬಾಯಿಗೆ ಬರದು. "ಬೋಟ್ ನೆಕ್ ಅವ್ರು ಬಂದ್ರಾ, ಬನ್ನಿ ಬನ್ನಿ" ಅಂದುಬಿಟ್ಟೆ. ಅವರು ಬಿದ್ದು ಬಿದ್ದು ನಕ್ಕರು. ಈಗ ಅದೇ ರೂಢಿ. ಪಫ್ ತೋಳು, ಬೆನ್ನಿಗೆ ಡೋರಿ, ಲೈನಿಂಗ್ ಬೇಡ, ಹೀಗೆ ಎಲ್ಲರಿಗೂ ಒಂದೊಂದು ಹೆಸರಿದೆ. 'ಲೈನಿಂಗ್ ಬೇಡ' ಅವರಿಗೆ ತಮ್ಮ ಹೆಸರು ಇದು ಅಂತ ಇನ್ನೂ ಗೊತ್ತಿಲ್ಲ.

ನಗು ಸರಿ, ಒಳಗೆ ಭಯವೂ ಇತ್ತು. ಡಾಕ್ಟರ್ ಹತ್ತಿರ ಹೋದೆ. ಅವರು ಕೇಳಿದರು, "ಕತ್ತರಿ ಎಲ್ಲಿಟ್ಟೆ ಅಂತ ಮರೀತೀರೋ, ಬಟ್ಟೆ ಕತ್ತರಿಸೋದು ಹೇಗೆ ಅಂತ ಮರೀತೀರೋ?" ಕತ್ತರಿ ಎಲ್ಲಿ ಅಂತ ಮಾತ್ರ, ಅಂದೆ. ಹಾಗಾದರೆ ಗಾಬರಿ ಬೇಡ ಅಂದರು. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46–47ಕ್ಕೆ ಮುಟ್ಟು ನಿಲ್ಲುತ್ತದೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ಅದನ್ನು ಮೆನೋಪಾಸ್ ಅನ್ನುತ್ತಾರೆ. ಅದಕ್ಕೂ ಮುಂಚಿನ ಕೆಲವು ವರ್ಷ ಈಸ್ಟ್ರೋಜೆನ್ ಏರುತ್ತಾ ಇಳಿಯುತ್ತಾ ಇರುತ್ತದೆ. ನೆನಪಿಗೆ ಬೇಕಾದ ಮೆದುಳಿನ ಭಾಗಗಳ ಮೇಲೂ ಆ ಹಾರ್ಮೋನ್ ಕೆಲಸ ಮಾಡುವುದರಿಂದ ಹೆಸರು, ಪದ ತಕ್ಷಣ ಸಿಗುವುದಿಲ್ಲ. ಬಹಳ ಜನರಿಗೆ ಮುಂದೆ ಇದು ಸುಧಾರಿಸುತ್ತದಂತೆ. ಹಾಗಂತ ಅವರು ಎಲ್ಲವನ್ನೂ ಹಾರ್ಮೋನ್ ತಲೆಗೆ ಕಟ್ಟಲಿಲ್ಲ. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಶುಗರ್ ಎಲ್ಲ ನೋಡಿಸಿದರು. ಥೈರಾಯ್ಡ್ ಏರುಪೇರಾಗಿತ್ತು, ಬಿ12 ಕಡಿಮೆ ಇತ್ತು. ಎರಡೂ ಸುಮ್ನೆ ಮಂಕು ಹಿಡಿಸುತ್ತವೆ. ಎರಡಕ್ಕೂ ಔಷಧಿ ಇದೆ. ಪರೀಕ್ಷೆ ಮಾಡಿಸದೆ "ಈ ವಯಸ್ಸಲ್ಲಿ ಹೀಗೇ" ಅಂತ ಕೂರುವುದು ನನಗೆ ಒಪ್ಪಿಗೆಯಿಲ್ಲ.

ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ. ನುಂಗಿದೆನೋ ಇಲ್ಲವೋ ಅನ್ನುವುದೇ ದಿನದ ಮೊದಲ ಅನುಮಾನ. ಅದಕ್ಕೆ ನುಂಗಿದ ಕೂಡಲೇ ಬಾಟಲಿಯನ್ನು ತಲೆಕೆಳಗು ಇಡುತ್ತೇನೆ. ರಾತ್ರಿ ಮಲಗುವಾಗ ನೆಟ್ಟಗೆ. ಕುಕ್ಕರಿಗೆ ಬೇರೆ ಲೆಕ್ಕ. ಒಲೆಯ ಪಕ್ಕ ಎರಡು ಬಟ್ಟಲು, ಒಂದರಲ್ಲಿ ಹಳೇ ಗುಂಡಿಗಳು. ಒಂದು ವಿಷಲ್ ಕೂಗಿದರೆ ಒಂದು ಗುಂಡಿ ಇನ್ನೊಂದು ಬಟ್ಟಲಿಗೆ. ನಡುವೆ ಯಾರಾದರೂ ಫಾಲ್ ಹಾಕಿಸೋಕೆ ಬಂದು ಅರ್ಧ ಗಂಟೆ ಮಾತಾಡಿದರೂ ಬೇಳೆ ಹೊತ್ತುವುದಿಲ್ಲ. ಮಾತಿನ ಮಧ್ಯೆ ಎದ್ದು ಹೋಗಿ ಗುಂಡಿ ಹಾಕಿ ಬರುವುದನ್ನು ನೋಡಿ ಏನೋ ಹರಕೆ ಇರಬೇಕು ಅಂದುಕೊಂಡವರೂ ಇದ್ದಾರೆ.

ಆದರೆ ಹೆಚ್ಚು ಫಲ ಕೊಟ್ಟಿದ್ದು ನಿದ್ದೆ. ರಾತ್ರಿ ಇದ್ದಕ್ಕಿದ್ದಂತೆ ಮೈ ಕಾದು, ಬೆವರಿ, ಎಚ್ಚರ. ಮತ್ತೆ ನಿದ್ದೆ ಹತ್ತುವಷ್ಟರಲ್ಲಿ ಹಾಲಿನವನು. ನಿದ್ದೆಗೆಟ್ಟ ತಲೆ ಏನು ನೆನಪಿಟ್ಟುಕೊಂಡೀತು? ನೈಲಾನ್ ನೈಟಿ ಬಿಟ್ಟು ತೆಳು ಕಾಟನ್ ಹೊಲಿದುಕೊಂಡೆ, ಕೊರಳು ಅಗಲ, ತೋಳು ಸಡಿಲ. ಮಧ್ಯಾಹ್ನದ ನಂತರ ಕಾಫಿ ಇಲ್ಲ. ಮೈಸೂರಿನವಳಿಗೆ ಇದು ಸಣ್ಣ ತ್ಯಾಗವೇನಲ್ಲ. ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬಿರುಸಾಗಿ ನಡೆಯುತ್ತೇನೆ. ಬೆವರು, ಬಿಸಿ ತೀರಾ ಜಾಸ್ತಿಯಾದರೆ ಹಾರ್ಮೋನ್ ಚಿಕಿತ್ಸೆಯೂ ಇದೆ. ಅದು ಯಾರಿಗೆ ಸರಿ ಅಂತ ಡಾಕ್ಟರೇ ಹೇಳಬೇಕು, ಬರೀ ಮರೆವಿಗೆ ಅಂತ ಅದನ್ನು ಕೊಡುವುದಿಲ್ಲ.

ಒಂದೆಲಗದ ತಂಬುಳಿ ಮಾಡ್ಕೊಂಡು ತಿನ್ನು ಅಂದವರಿಗೆ ಲೆಕ್ಕವಿಲ್ಲ. ತಿನ್ನುತ್ತೇನೆ, ರುಚಿ ಇದೆ ಅಂತ. ಗಿರಾಕಿಗಳ ಹೆಸರು ಬಾಯಿಗೆ ಬರತೊಡಗಿದ್ದು ಮಾತ್ರ ನಿದ್ದೆ ಬಂದ ಮೇಲೆ. ಅಕ್ಟೋಬರ್ 18 ವಿಶ್ವ ಮೆನೋಪಾಸ್ ದಿನವಂತೆ. ಟೈಲರುಗಳಿಗೆ ಅದು ಹಬ್ಬದ ಬ್ಲೌಸುಗಳ ರಾಶಿಯಲ್ಲಿ ಮುಳುಗಿರುವ ಕಾಲ, ಆಚರಿಸೋಕೆ ಪುರುಸೊತ್ತೆಲ್ಲಿ?

ಗೊತ್ತಿರುವ ದಾರಿಯೇ ತಪ್ಪಿದರೆ, ದಿನಾ ಮಾಡುವ ಕೆಲಸದ ಕ್ರಮವೇ ಮರೆತರೆ ಮಾತ್ರ ತಡ ಮಾಡಬೇಡಿ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಅಷ್ಟೇ, ಡಾಕ್ಟರಿಗೆ ತೋರಿಸಿ.

ಇನ್ನು ಮನೆಯವರ ವಿಷಯ. ನನ್ನ ಮರೆವಿಗೆ ನಗಬೇಡಿ ಅಂತ ಹೇಳಿದರೆ ಮುಸಿಮುಸಿ ನಗುತ್ತಾರೆ, ಅದು ಇನ್ನೂ ಸಿಟ್ಟು ಬರಿಸುತ್ತದೆ. ಹಾಗಾಗಿ ಒಂದು ಕಾನೂನು ಮಾಡಿದೆ. ಧಾರಾಳವಾಗಿ ನಗಿ, ನಕ್ಕವರೇ ಹುಡುಕಿ ಕೊಡಬೇಕು. ಕನ್ನಡಕ, ಟೇಪು, ಅಂಗಡಿ ಬೀಗದ ಕೈ, ಏನೇ ಆಗಲಿ. ಮಗಳು ಮೊದಲ ವಾರವೇ ಸುಸ್ತಾದಳು. ನಮ್ಮ ಯಜಮಾನರು ಜಾಣರು, ಈಗ ನಗು ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಾರೆ.