ಹಳೆಯ ಮಕ್ಕಳ ಪುಸ್ತಕ: ಮೊದಲು ಒಣಗಿಸಿ, ಆಮೇಲೆ ಒರೆಸಿ

ಕೊಡಗಿನ ಮನೆಗಳ ಅಟ್ಟದಲ್ಲಿ ಮಕ್ಕಳ ಹಳೆಯ ಪುಸ್ತಕಗಳು ಇನ್ನೂ ಎಷ್ಟೋ ಇವೆ. ಅಲ್ಲಿ ಮೂವತ್ತು ಮಳೆಗಾಲ ತಡೆದ ಪುಸ್ತಕ ಕೆಳಗಿಳಿಸಿದ ವಾರದಲ್ಲೇ ಹಾಳಾಗುವುದನ್ನು ನೋಡಿದ್ದೇನೆ. ಬೂಷ್ಟು ಕಂಡ ಕೂಡಲೇ ಒದ್ದೆ ಬಟ್ಟೆಯಲ್ಲಿ ಉಜ್ಜುತ್ತಾರೆ, ಹರಿದ ಕಡೆ ಸೆಲ್ಲೋ ಟೇಪ್ ಹಚ್ಚುತ್ತಾರೆ. ಎರಡೂ ಬೇಡ.

ಹುಡುಕುವುದು ಸುಲಭ. ನೆಂಟರ ಮನೆ, ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದ ಗುಜರಿ ಅಂಗಡಿ. ಗುಜರಿಯವರಿಗೆ ಫೋನ್ ನಂಬರ್ ಕೊಟ್ಟಿಡಿ.

ಜಾಸ್ತಿ ಸಿಗುವುದು ರಾಷ್ಟ್ರೋತ್ಥಾನದ ಭಾರತ-ಭಾರತಿ ಕಿರುಪುಸ್ತಕಗಳು. ಎಲ್.ಎಸ್. ಶೇಷಗಿರಿರಾವ್ ಸಂಪಾದಕತ್ವದ ಈ ಮಾಲೆಯಲ್ಲಿ ಐನೂರಕ್ಕೂ ಹೆಚ್ಚು ಪುಸ್ತಕಗಳಿವೆ. ಕಷ್ಟಪಟ್ಟು ಹುಡುಕಬೇಕಾದದ್ದು ಅಮರ ಚಿತ್ರಕಥೆಯ ಮೊದಲ ಹತ್ತು. ಅವು 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ, ಕನ್ನಡದಲ್ಲಿ ಬಂದವು. ಇಂಗ್ಲಿಷ್ ಸರಣಿ 11ನೇ ನಂಬರಿನಿಂದ ಶುರುವಾಗಿದ್ದು ಅದಕ್ಕೇ ಎಂದು ಅವರೇ ಹೇಳಿದ್ದಾರೆ. ಸಿಕ್ಕರೆ ಚೌಕಾಸಿ ಮಾಡದೆ ತಗೊಳ್ಳಿ.

ಇಸವಿ ಅಚ್ಚಾಗಿಲ್ಲ ಅಂದರೆ ಬೆಲೆ ನೋಡಿ. ಆಣೆಯಲ್ಲಿದ್ದರೆ ಸಾಮಾನ್ಯವಾಗಿ 1957ಕ್ಕಿಂತ ಹಿಂದಿನದು. ನಯಾ ಪೈಸೆ ಅಂತಿದ್ದರೆ 1957ರಿಂದ 1964ರ ಆಸುಪಾಸು. ಪ್ರಕಾಶಕರ ವಿಳಾಸದಲ್ಲಿ ಆರು ಅಂಕಿಯ ಪಿನ್‌ಕೋಡ್ ಇದ್ದರೆ ಆ ಪ್ರತಿ 1972ರ ಆಗಸ್ಟ್ 15ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ‘ಮೈಸೂರು ರಾಜ್ಯ’ ಅಂತಿದ್ದರೆ 1973ರ ನವೆಂಬರಿಗಿಂತ ಮೊದಲಿನದು ಎನ್ನಬಹುದು. ಒಂದೇ ಗುರುತು ನಂಬಬೇಡಿ. ಹಳೇ ಪ್ರತಿಯ ಮೇಲೆ ಹೊಸ ಬೆಲೆಯ ಚೀಟಿ ಅಂಟಿಸಿ ಮಾರುವುದು ಮಾಮೂಲು.

ಈಗ ಎಲ್ಲರೂ ಎಡವುವ ಕೆಲಸ. ಬೂಷ್ಟು ಹಸಿಯಾಗಿದ್ದಾಗ ಉಜ್ಜಿದರೆ ಕಾಗದದ ಒಳಕ್ಕೇ ಇಳಿಯುತ್ತದೆ. ಆ ಕಲೆ ಮತ್ತೆ ಹೋಗುವುದಿಲ್ಲ. ಆದ್ದರಿಂದ ಪುಸ್ತಕವನ್ನು ಸ್ವಲ್ಪ ಬಿಚ್ಚಿ ನಿಲ್ಲಿಸಿ, ದೂರದಿಂದ ಫ್ಯಾನ್ ಗಾಳಿ ಬಿಡಿ. ಹತ್ತಿಪ್ಪತ್ತು ಪುಟಕ್ಕೊಂದು ಬಿಳಿ ಬ್ಲಾಟಿಂಗ್ ಪೇಪರ್ ಇಟ್ಟು, ತೇವವಾದ ಹಾಗೆಲ್ಲ ಬದಲಿಸಿ. ನ್ಯೂಸ್‌ಪೇಪರ್ ಇಡಬೇಡಿ, ಮಸಿ ಹತ್ತುತ್ತದೆ. ಕಾಫಿ ಕಣದ ಬಿಸಿಲಿಗೆ ಹರಡಿದರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ, ಬಣ್ಣವೂ ಹೋಗುತ್ತದೆ. ಒಲೆ ಮೇಲೂ ಬೇಡ. ನುಣುಪು ಕಾಗದದ ಪುಸ್ತಕಕ್ಕೆ ಮಾತ್ರ ಅವಸರ ಬೇಕು. ಒದ್ದೆ ಇರುವಾಗಲೇ ಪುಟಗಳನ್ನು ಒಂದೊಂದಾಗಿ ಬಿಡಿಸಿ, ನಡುವೆ ಬಟರ್ ಪೇಪರ್ ಇಡಿ. ಹಾಗೇ ಒಣಗಲು ಬಿಟ್ಟರೆ ಪುಟಗಳೆಲ್ಲ ಅಂಟಿ ಇಟ್ಟಿಗೆಯಾಗುತ್ತದೆ.

ಬೂಷ್ಟು ಪುಡಿಪುಡಿಯಾದ ಮೇಲೆ ಅಂಗಳಕ್ಕೆ ಹೋಗಿ, ಮಾಸ್ಕ್ ಹಾಕಿ, ಮೆತ್ತಗಿನ ಪೇಂಟ್ ಬ್ರಷ್‌ನಿಂದ ನಡುವಿನಿಂದ ಅಂಚಿನ ಕಡೆಗೆ ತಳ್ಳಿ. ಉಬ್ಬಸ ಇರುವವರು ಈ ಕೆಲಸ ಬೇರೆಯವರಿಗೆ ಬಿಡಿ.

ಪಿನ್ ತುಕ್ಕು ಹಿಡಿದಿದ್ದರೆ ತೆಗೆಯಲೇಬೇಕು. ನಡುಪುಟ ಬಿಚ್ಚಿ, ಮೊಂಡು ಚಾಕುವಿನಿಂದ ಪಿನ್ನಿನ ಎರಡೂ ಕಾಲು ನೆಟ್ಟಗೆ ಮಾಡಿ, ಹೊರಗಿನಿಂದ ಎತ್ತಿ. ಎಳೆದರೆ ರಕ್ಷಾಪುಟ ಹರಿಯುತ್ತದೆ. ಅದೇ ತೂತುಗಳಲ್ಲಿ ಹತ್ತಿ ದಾರ ಪೋಣಿಸಿ ಕಟ್ಟಿ. ಸೆಲ್ಲೋ ಟೇಪ್ ವರ್ಷಗಳಲ್ಲಿ ಉದುರಿ ಹೋಗುತ್ತದೆ, ಅದರ ಅಂಟು ಹಳದಿಯಾಗಿ ಅಲ್ಲೇ ಉಳಿಯುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಮೊದಲ ಪುಟದಲ್ಲಿ ಯಾವುದೋ ಮಗು ಬರೆದ ಹೆಸರು, ತರಗತಿ, ಶಾಲೆಯ ಸೀಲು ಇದ್ದರೆ ದಯವಿಟ್ಟು ಅಳಿಸಬೇಡಿ. ಆ ಪುಸ್ತಕ ಕೊಡಗಿನಲ್ಲಿ ಎಲ್ಲಿ ಓಡಾಡಿತು ಅನ್ನುವುದಕ್ಕೆ ಅದೊಂದೇ ದಾಖಲೆ ಅಲ್ವಾ.

ಇಡುವುದು ಬೀರುವಿನಲ್ಲಿ, ಹೊರಗೋಡೆಯಿಂದ ದೂರ. ನುಸಿ ಗುಳಿಗೆಯಿಂದ ಬೂಷ್ಟು ನಿಲ್ಲುವುದಿಲ್ಲ, ಸುಮ್ನೆ ವಾಸನೆ. ತೇವ ಹೀರಿಕೊಂಡು ಬಣ್ಣ ಬದಲಿಸುವ ಸಿಲಿಕಾ ಜೆಲ್ ಹರಳು ತಗೊಳ್ಳಿ, ಬಣ್ಣ ತಿರುಗಿದಾಗ ಬಿಸಿ ಮಾಡಿ ಮತ್ತೆ ಬಳಸಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ನೋಡಿ. ಆ ತಿಂಗಳುಗಳಲ್ಲಿ ಹೊಸದಾಗಿ ಬಂದ ಪುಸ್ತಕವನ್ನು ಹದಿನೈದು ದಿನ ಬೇರೆ ಡಬ್ಬದಲ್ಲಿಟ್ಟು, ಬೂಷ್ಟು ಏಳದಿದ್ದರೆ ಮಾತ್ರ ಉಳಿದವುಗಳ ಜೊತೆ ಸೇರಿಸಿ.