ಉತ್ತರ ಬಂದ ಮೇಲೆ ಕೇಳಬೇಕಾದ ಪ್ರಶ್ನೆ

‘ಏಳೆಂಟ್ಲ ಎಷ್ಟು?’ ಎಂದು ಟೀಚರ್ ಕೇಳುತ್ತಾರೆ. ಮುಂದಿನ ಬೆಂಚಿನಿಂದ ‘ಐವತ್ತಾರು’ ಬರುತ್ತದೆ. ‘ಗುಡ್’ ಎಂದು ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ಮಗ್ಗಿ ಗಟ್ಟಿಯಾಗಲು ಇಷ್ಟು ಸಾಕು. ಆದರೆ ಮಗು ಹೇಗೆ ಯೋಚಿಸುತ್ತಿದೆ ಎಂದು ತಿಳಿಯಬೇಕಾದರೆ ಕೇಳುವ ರೀತಿಯೇ ಬೇರೆಯಾಗಬೇಕು.

ಮೊದಲು, ಲೆಕ್ಕವನ್ನು ತಿರುಗಿಸಿ. ಪಾಠಕ್ಕೆ ಒಂದೆರಡು ಪ್ರಶ್ನೆಗಳನ್ನು ಹಿಂದಿನ ದಿನವೇ ಬರೆದಿಟ್ಟುಕೊಳ್ಳಿ. ‘ಉದ್ದ 6 ಸೆಂ.ಮೀ., ಅಗಲ 4 ಸೆಂ.ಮೀ. ಇರುವ ಆಯತದ ಸುತ್ತಳತೆ ಎಷ್ಟು?’ ಎಂದರೆ 20 ಎಂಬಲ್ಲಿಗೆ ಮಾತು ಮುಗಿಯಿತು. ‘ಸುತ್ತಳತೆ 20 ಸೆಂ.ಮೀ. ಇರುವ ಆಯತಗಳನ್ನು ಬರೆಯಿರಿ, ಯಾವುದರ ವಿಸ್ತೀರ್ಣ ಹೆಚ್ಚು?’ ಎಂದು ಕೇಳಿ ನೋಡಿ. 9 ಮತ್ತು 1ಕ್ಕೆ 9 ಚದರ ಸೆಂ.ಮೀ., 7 ಮತ್ತು 3ಕ್ಕೆ 21, 5 ಮತ್ತು 5ಕ್ಕೆ 25. ಸುತ್ತಳತೆ ಒಂದೇ ಆದರೂ ವಿಸ್ತೀರ್ಣ ಬದಲಾಗುವುದು ಮಕ್ಕಳ ಕಣ್ಣಿಗೇ ಬೀಳುತ್ತದೆ. ‘ಚೌಕವೂ ಆಯತವೇ?’ ಎಂಬ ವಾದ ಎದ್ದರೆ ಏಳಲಿ, ತಡೆಯಬೇಡಿ.

ಕೇಳಿದ ಮೇಲೆ ಸುಮ್ಮನಿರಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣಗಳನ್ನು ಅಧ್ಯಯನ ಮಾಡಿದಾಗ, ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸುಮಾರು 1 ಸೆಕೆಂಡ್ ಮಾತ್ರ ಎಂದು ಕಂಡುಬಂತು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು.

ಉತ್ತರ ಬಂದ ಮೇಲೆ ‘ಹೇಗೆ?’ ಎನ್ನಿ. ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇಲ್ಲೇ ಇದೆ.

‘0.4, 0.35, ಯಾವುದು ದೊಡ್ಡದು?’

‘0.35, ಮಿಸ್.’

‘ಹೇಗೆ ಗೊತ್ತಾಯ್ತು?’

‘4ಕ್ಕಿಂತ 35 ದೊಡ್ಡದಲ್ವಾ?’

ತಪ್ಪಿನ ಬೇರು ಸಿಕ್ಕಿತು. ಬಿಂದುವಿನ ಆಚೆಗಿರುವುದನ್ನು ಮಗು ಪೂರ್ಣಸಂಖ್ಯೆಯಂತೆ ಓದುತ್ತಿದೆ. ‘ತಪ್ಪು’ ಎನ್ನುವ ಬದಲು, ‘ಎರಡನ್ನೂ ಸಂಖ್ಯಾರೇಖೆ ಮೇಲೆ ತೋರಿಸ್ತೀಯಾ?’ ಎನ್ನಿ. 0ಯಿಂದ 1ರವರೆಗೆ ಹತ್ತು ಭಾಗ ಮಾಡಿ, ನಾಲ್ಕನೇ ಗೆರೆಗೆ 0.4 ಎಂದು ಬರೆದ ಮಗುವಿನ ಚಾಕ್, 0.35ಕ್ಕೆ ಜಾಗ ಹುಡುಕುತ್ತಾ ಮೂರನೇ ಮತ್ತು ನಾಲ್ಕನೇ ಗೆರೆಗಳ ನಡುವೆ ಬಂದು ನಿಲ್ಲುತ್ತದೆ. ಆಗಲೂ ಅವಸರಪಡಬೇಡಿ. ಆ ನಿಂತ ಚಾಕ್‌ನಲ್ಲೇ ಕಲಿಕೆ ನಡೆಯುತ್ತಿರುತ್ತದೆ.

ಸರಿ ಉತ್ತರಕ್ಕೂ ‘ಹೇಗೆ?’ ಎಂದು ಕೇಳಲೇಬೇಕು. ಇಲ್ಲದಿದ್ದರೆ ಟೀಚರ್ ‘ಹೇಗೆ’ ಎಂದ ಕೂಡಲೇ ಮಕ್ಕಳು ಉತ್ತರ ಅಳಿಸತೊಡಗುತ್ತಾರೆ. ಇನ್ನೂ ಒಂದು ಕಾರಣವಿದೆ: 0.3, 0.45ರಲ್ಲಿ ದೊಡ್ಡದು ಯಾವುದೆಂದರೆ ಇದೇ ಮಗು ‘0.45’ ಎನ್ನುತ್ತದೆ. ಉತ್ತರ ಸರಿ, ಯೋಚನೆ ಮಾತ್ರ ಅದೇ ತಪ್ಪು. ‘ಗುಡ್’ ಎಂದು ಮುಂದೆ ಹೋದರೆ ಆ ತಪ್ಪಿಗೆ ನಾವೇ ನೀರೆರೆದಂತೆ.

ಮಾತನ್ನು ತರಗತಿಗೆ ದಾಟಿಸಿ. ‘ಅವಳು ಹೇಳಿದ್ದನ್ನು ನಿನ್ನ ಮಾತಲ್ಲಿ ಹೇಳು’, ‘ಬೇರೆ ದಾರಿಯಲ್ಲಿ ಮಾಡಿದವರು ಯಾರು?’ ಇಷ್ಟು ಸಾಕು.

ಒಂದು ಎಚ್ಚರಿಕೆ. ಮಗು ತಡವರಿಸಿದಾಗ ಪ್ರಶ್ನೆಯನ್ನು ಚೂರು ಚೂರು ಮಾಡುತ್ತಾ ಹೋಗಿ, ಕೊನೆಗೆ ‘ಎರಡೂ ಎರಡೂ ಎಷ್ಟು?’ ಎಂಬಲ್ಲಿಗೆ ಇಳಿಸಿಬಿಡುತ್ತೇವೆ. ಲೆಕ್ಕ ಮಾಡಿದ್ದು ಆಗ ನಾವು, ಮಗುವಲ್ಲ. ಅದರ ಬದಲು ‘ಇಲ್ಲಿಯವರೆಗೆ ಏನು ಮಾಡಿದ್ದೀಯಾ, ಎಲ್ಲಿ ನಿಂತೆ?’ ಎಂದು ಕೇಳಿ, ಮತ್ತೆ 3 ಸೆಕೆಂಡ್ ಕಾಯಿರಿ.