50 ಮೆಗಾಪಿಕ್ಸೆಲ್ ಇದ್ದರೂ ಅರಮನೆ ಫ್ರೇಮಿಗೆ ಹಿಡಿಸಲ್ಲ ಯಾಕೆ?

ಭಾನುವಾರ ಸಂಜೆ ಮೈಸೂರು ಅರಮನೆಗೆ ದೀಪ ಹತ್ತಿತು ಅಂದರೆ ಸಾಕು, ಮುಂದೆ ನಿಂತವರ ಕೈಯೆಲ್ಲ ಮೇಲೆ. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಬೆಳಗುತ್ತವೆ, ಎದುರಿಗೆ ಫೋನುಗಳ ಸಾಲು. ಅರಮನೆಯ ಎರಡು ತುದಿ ಪರದೆಯೊಳಗೆ ಬರಲಿಲ್ಲ ಅಂದಾಗ ಬಹಳಷ್ಟು ಜನ ಸೆಟ್ಟಿಂಗ್ಸ್‌ಗೆ ಹೋಗಿ ರೆಸಲ್ಯೂಷನ್ನನ್ನು 12ರಿಂದ 50ಕ್ಕೆ ಏರಿಸುತ್ತಾರೆ. ಏರಿಸಿದ ಮೇಲೂ ತುದಿಗಳು ಆಚೆಗೇ. ಎಷ್ಟೋ ಫೋನುಗಳಲ್ಲಿ ಇನ್ನೊಂದು ತಮಾಷೆಯೂ ಆಗುತ್ತದೆ: 50 ಒತ್ತಿದ ತಕ್ಷಣ 0.5 ಅಥವಾ 0.6 ಅನ್ನುವ ಬಟನ್ ಮಾಯ. ಅಗಲ ತೋರಿಸುತ್ತಿದ್ದದ್ದೇ ಆ ಬಟನ್.

ಒಂದು ಮೆಗಾಪಿಕ್ಸೆಲ್ ಅಂದರೆ ಹತ್ತು ಲಕ್ಷ ಚುಕ್ಕಿ. 50 ಅಂದರೆ ಐದು ಕೋಟಿ. ಆದರೆ ಕ್ಯಾಮೆರಾಗೆ ಎಷ್ಟು ಅಗಲ ಕಾಣುತ್ತದೆ ಅನ್ನುವುದಕ್ಕೂ ಈ ಕೋಟಿ ಲೆಕ್ಕಕ್ಕೂ ಸಂಬಂಧವಿಲ್ಲ. ಅದನ್ನು ತೀರ್ಮಾನಿಸುವುದು ಲೆನ್ಸು ಮತ್ತು ಅದರ ಹಿಂದೆ ಬೆಳಕು ಹಿಡಿಯುವ ಸೆನ್ಸರಿನ ಗಾತ್ರ. ಒಂದು ಎಕರೆ ಗದ್ದೆಯನ್ನು 12 ಮಡಿ ಮಾಡಿ, 50 ಮಡಿ ಮಾಡಿ, ಸುತ್ತಲಿನ ಬದು ಇದ್ದಲ್ಲೇ ಇರುತ್ತದೆ ಅಲ್ವಾ? ಇಲ್ಲೂ ಅಷ್ಟೇ. ಚುಕ್ಕಿ ಜಾಸ್ತಿ ಇದ್ದರೆ ಆಗುವ ಲಾಭ ಒಂದೇ: ಆಮೇಲೆ ಫೋಟೋದ ಒಂದು ಮೂಲೆಯನ್ನಷ್ಟೇ ಕತ್ತರಿಸಿಕೊಂಡರೂ ಅಲ್ಲಿ ಸಾಕಷ್ಟು ವಿವರ ಉಳಿದಿರುತ್ತದೆ.

ಹಾಗಾಗಿ ಸೆಟ್ಟಿಂಗ್ಸ್ ಮುಟ್ಟುವಾಗ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಆಕಾರ, ಆಮೇಲೆ ಲೆನ್ಸು, ಮೆಗಾಪಿಕ್ಸೆಲ್ ಕೊನೆಗೆ.

ಮೊದಲು 3:4 ಮಾಡಿ

ಕ್ಯಾಮೆರಾ ತೆರೆದಾಗ ಮೇಲೆ ಅಥವಾ ಪಕ್ಕದಲ್ಲಿ 3:4, 9:16, 1:1, ಫುಲ್ ಎಂಬ ಆಯ್ಕೆಗಳು ಕಾಣುತ್ತವೆ. ಸಾಮಾನ್ಯವಾಗಿ ಫೋನಿನ ಸೆನ್ಸರ್ ಇರುವುದೇ 3:4 ಆಕಾರದಲ್ಲಿ. ಮಿಕ್ಕಿದ್ದೆಲ್ಲ ಅದನ್ನೇ ಕತ್ತರಿಸಿ ಕೊಡುವುದು. 9:16 ಇಟ್ಟರೆ ಕಾಲು ಭಾಗ ಚುಕ್ಕಿ ಹೋಯಿತು. ಪರದೆ 20:9 ಇರುವ ಫೋನಿನಲ್ಲಿ ‘ಫುಲ್’ ಇಟ್ಟರೆ ನೂರಕ್ಕೆ 40 ಭಾಗ ಹೋಯಿತು. ಫೋನನ್ನು ನೆಟ್ಟಗೆ ಹಿಡಿದರೆ ಎಡಬಲ ಕತ್ತರಿ, ಅಡ್ಡ ಹಿಡಿದರೆ ಮೇಲೆ ಕೆಳಗೆ. ಪರದೆ ತುಂಬ ಕಾಣುತ್ತದಲ್ಲ ಅಂತ ಖುಷಿಪಡುವವರು ಚಾಮುಂಡಿ ಬೆಟ್ಟದ ಏಳು ಅಂತಸ್ತಿನ ಗೋಪುರವನ್ನು ಅಡ್ಡ ಫೋನಿನಲ್ಲಿ ತೆಗೆದು ನೋಡಲಿ, ಕಳಶ ಎಲ್ಲಿ ಅಂತ ಹುಡುಕಬೇಕಾಗುತ್ತದೆ.

3:4ರಲ್ಲಿ ತೆಗೆದಿದ್ದನ್ನು ಮನೆಗೆ ಬಂದು ಯಾವ ಆಕಾರಕ್ಕೆ ಬೇಕಾದರೂ ಕತ್ತರಿಸಬಹುದು. ಕತ್ತರಿಸಿ ತೆಗೆದಿದ್ದನ್ನು ಮತ್ತೆ ಅಂಟಿಸಲು ಆಗುವುದಿಲ್ಲ. ಎಷ್ಟೋ ಫೋನುಗಳಲ್ಲಿ 50ರ ಆಯ್ಕೆ ಕಾಣಿಸುವುದೂ 3:4ರಲ್ಲಿ ಮಾತ್ರ.

ಬೆರಳು ಅಡ್ಡ ಇಟ್ಟು ಲೆನ್ಸು ಪತ್ತೆ ಮಾಡಿ

ಜೂಮ್ ಅಂದರೆ ಎರಡು ತರ. ಒಂದು, ಫೋನು ಬೇರೆ ಲೆನ್ಸಿಗೆ ಬದಲಾಗುವುದು. ಇನ್ನೊಂದು, ಇರುವ ಚಿತ್ರದ ನಡುವನ್ನು ಕತ್ತರಿಸಿ ಹಿಗ್ಗಿಸುವುದು. ಬಟನ್ ಮೇಲೆ 3ಎಕ್ಸ್ (ಮೂರು ಪಟ್ಟು) ಅಂತ ಬರೆದಿದ್ದರೂ ಯಾವುದು ಕೆಲಸ ಮಾಡುತ್ತಿದೆ ಅಂತ ಫೋನು ಹೇಳುವುದಿಲ್ಲ.

ಕಂಡುಹಿಡಿಯೋದು ಸುಲಭ. 3ಎಕ್ಸ್ ಒತ್ತಿ, ಹಿಂದಿನ ಲೆನ್ಸುಗಳನ್ನು ಒಂದೊಂದಾಗಿ ಬೆರಳಿನಿಂದ ಮುಚ್ಚುತ್ತಾ ಹೋಗಿ. ಯಾವುದನ್ನು ಮುಚ್ಚಿದಾಗ ಪರದೆ ಕಪ್ಪಾಗುತ್ತದೋ ಆ ಹೊತ್ತಿಗೆ ನೋಡುತ್ತಿರುವುದು ಅದೇ. ಬಿಸಿಲಿನಲ್ಲಿ ದೂರದ ಮರಕ್ಕೆ ಹಿಡಿದಾಗ ಒಂದು ಲೆನ್ಸು, ಮಬ್ಬು ಬೆಳಕಿನ ಕೋಣೆಯಲ್ಲಿ ಇನ್ನೊಂದು ಲೆನ್ಸು ಸಿಕ್ಕರೆ ಗಾಬರಿಯಾಗಬೇಡಿ. ಬೆಳಕು ಕಡಿಮೆಯಾದರೆ ಅಥವಾ ವಸ್ತು ತೀರಾ ಹತ್ತಿರ ಇದ್ದರೆ ಹಲವು ಫೋನುಗಳು ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸನ್ನು ಬಿಟ್ಟು ಮುಖ್ಯ ಕ್ಯಾಮೆರಾವನ್ನೇ ಕತ್ತರಿಸಿ 3ಎಕ್ಸ್ ಅಂತ ತೋರಿಸುತ್ತವೆ.

ಕತ್ತರಿಸುವ ಲೆಕ್ಕ ಸ್ವಲ್ಪ ಕ್ರೂರ. 2ಎಕ್ಸ್ ಅಂದರೆ ಅಗಲವೂ ಅರ್ಧ, ಎತ್ತರವೂ ಅರ್ಧ, ಉಳಿಯುವುದು ಕಾಲು ಭಾಗ. 12.5 ಮೆಗಾಪಿಕ್ಸೆಲ್‌ನಲ್ಲಿ (ಸೆಟ್ಟಿಂಗ್ಸ್‌ನ 12 ಅಂದರೆ ಇದೇ) ಸುಮಾರು 31 ಲಕ್ಷ ಚುಕ್ಕಿ. 10ಎಕ್ಸ್‌ಗೆ ಎಳೆದರೆ ನೂರರಲ್ಲಿ ಒಂದು ಪಾಲು, ಅಂದರೆ ಬರೀ ಒಂದೂಕಾಲು ಲಕ್ಷ. ಮಿಕ್ಕಿದ್ದನ್ನು ಫೋನು ಅಂದಾಜಿನ ಮೇಲೆ ತುಂಬುತ್ತದೆ. ದೂರದ ಮುಖ ಮೇಣದ ಗೊಂಬೆ ತರ ಕಾಣುವುದು ಇದಕ್ಕೇ.

ಇಲ್ಲಿ 50ರ ಸೆನ್ಸರ್ ಒಂದು ಉಪಕಾರ ಮಾಡುತ್ತದೆ. ಈಗಿನ ಹಲವು ಫೋನುಗಳಲ್ಲಿ 2ಎಕ್ಸ್ ಒತ್ತಿದರೆ ಸೆನ್ಸರಿನ ನಡುವಿನ 12.5 ಮೆಗಾಪಿಕ್ಸೆಲ್ಲನ್ನು ಹಾಗೆಯೇ ಓದಿ ಕೊಡುತ್ತದೆ, ಹಿಗ್ಗಿಸುವ ಗೋಜಿಲ್ಲ. 2022ರ ಐಫೋನ್ 14 ಪ್ರೊ 48ರ ಸೆನ್ಸರ್ ಇಟ್ಟುಕೊಂಡು ಇದನ್ನೇ ಮಾಡಿತು. ಆದ್ದರಿಂದ ಎರಡು ಬೆರಳಲ್ಲಿ ಎಳೆದು 1.8, 2.7 ಅಂತ ಎಲ್ಲೋ ನಿಲ್ಲಿಸಬೇಡಿ. 2.7ರಲ್ಲಿ ನಿಂತರೆ 3ಎಕ್ಸ್ ಲೆನ್ಸು ಇದ್ದೂ ಅದು ಸುಮ್ನೆ ಕೂತಿರುತ್ತದೆ. ಬಟನ್ ಒತ್ತಿ, ಬೇಕಾದರೆ ಆಮೇಲೆ ಕತ್ತರಿಸಿ.

ಈಗ 12ಕ್ಕೂ 50ಕ್ಕೂ ಪಂದ್ಯ

ಫೋನನ್ನು ಗೋಡೆಗೋ ಕಂಬಕ್ಕೋ ಒರಗಿಸಿ, ಅಲುಗಾಡದ ಹಾಗೆ ಒಂದೇ ಜಾಗದಿಂದ ಎರಡು ಫೋಟೋ ತೆಗೆಯಿರಿ: ಒಂದು 12, ಒಂದು 50. ಅಂಚುಗಳನ್ನು ಹೋಲಿಸಿ ನೋಡಿ, ಎರಡರಲ್ಲೂ ಹೆಚ್ಚುಕಮ್ಮಿ ಅದೇ ಅಗಲ. ಆಮೇಲೆ ಒಳಗೆ ಹಿಗ್ಗಿಸಿ. ಪರೀಕ್ಷೆಗೆ ಬಸ್ಸಿನ ಬೋರ್ಡಿಗಿಂತ ಒಳ್ಳೆಯದು ಬೇರೆ ಇಲ್ಲ, ಅದರಲ್ಲೂ ಒತ್ತಕ್ಷರ ಇರುವ ಊರು ಬೇಕು. ನಿಂತ ಬಸ್ಸಿನ ಬೋರ್ಡಿನಲ್ಲಿ ‘ಚನ್ನಪಟ್ಟಣ’ ಅಂತ ಇದ್ದರೆ ಕೆಳಗಿನ ಎರಡು ಒತ್ತುಗಳನ್ನು ನೋಡಿ. ದೂರದಿಂದ ತೆಗೆದ 12ರಲ್ಲಿ ಅವು ಕಲೆಸಿಹೋಗಿದ್ದು, 50ರಲ್ಲಿ ಬಿಡಿಬಿಡಿಯಾಗಿ ಕಂಡರೆ ನಿಮ್ಮ ಸೆನ್ಸರ್ ಮಾತು ಉಳಿಸಿಕೊಂಡಿದೆ. ಅದೇ ಪರೀಕ್ಷೆಯನ್ನು ಕತ್ತಲಾದ ಮೇಲೆ ಮಾಡಿ. ಆಗ ಎಷ್ಟೋ ಸಲ 12ರದ್ದೇ ಚೊಕ್ಕಟವಾಗಿರುತ್ತದೆ.

ಕಾರಣ ಇದೆ. 50ರ ಸೆನ್ಸರಿನಲ್ಲಿ ಪಕ್ಕಪಕ್ಕದ ನಾಲ್ಕು ಚುಕ್ಕಿಗಳಿಗೆ ಸಾಮಾನ್ಯವಾಗಿ ಒಂದೇ ಬಣ್ಣದ ಸೋಸುಗಾಜು ಇರುತ್ತದೆ. 12ರ ಮೋಡ್‌ನಲ್ಲಿ ಆ ನಾಲ್ಕನ್ನೂ ಸೇರಿಸಿ ಒಂದು ಮಾಡುವುದರಿಂದ ಬೆಳಕು ಜಾಸ್ತಿ ಕೂಡುತ್ತದೆ, ಚಿತ್ರ ಕಾಳು ಕಾಳಾಗಿ ಕಾಣುವುದು ಕಡಿಮೆ. 108ರ ಫೋನುಗಳಲ್ಲಿ ಒಂಬತ್ತು ಸೇರಿ ಒಂದು, 200ರಲ್ಲಿ 16 ಸೇರಿ ಒಂದು. ಕೊನೆಗೆ ಕೈಗೆ ಬರುವುದು ಎಲ್ಲದರಲ್ಲೂ ಸುಮಾರು 12. ಅಂಗಡಿಯವರು ಹೇಳುವ ಸಂಖ್ಯೆಗೆ ನಾನು ತಲೆ ಕೆಡಿಸಿಕೊಳ್ಳದಿರುವುದು ಇದಕ್ಕೇ. ಪೂರ್ತಿ 50 ಕೇಳಿದಾಗ ಬಣ್ಣಗಳನ್ನು ಫೋನು ಲೆಕ್ಕ ಹಾಕಿ ಮರುಜೋಡಿಸಬೇಕು. ಹಲವು ಫ್ರೇಮ್ ಬೆರೆಸಿ ರಾತ್ರಿ ಚಿತ್ರ ಮಾಡುವ ಸೌಲಭ್ಯವೂ ಎಷ್ಟೋ ಫೋನುಗಳಲ್ಲಿ ಆಗ ಸಿಗುವುದಿಲ್ಲ.

ಸೋಮನಾಥಪುರದ ಕೇಶವ ದೇವಸ್ಥಾನ 50ಕ್ಕೆ ಹೇಳಿ ಮಾಡಿಸಿದ ಜಾಗ. 13ನೇ ಶತಮಾನದ ಆ ಗೋಡೆಯಲ್ಲಿ ಆನೆ, ಕುದುರೆ, ಬಳ್ಳಿಯ ಸಾಲು ಒಂದರ ಮೇಲೊಂದು. ಕಲ್ಲು ಅಲುಗಾಡುವುದಿಲ್ಲ, ಬೆಳಿಗ್ಗೆಯ ಬಿಸಿಲು ಧಾರಾಳ. ಒಂದು ಮೂಲೆಯನ್ನು 50ರಲ್ಲಿ ತೆಗೆದರೆ ಮನೆಯಲ್ಲಿ ಕೂತು ಒಂದೊಂದೇ ವಿಗ್ರಹವನ್ನು ಕತ್ತರಿಸಿ ನೋಡಬಹುದು. ಅರಮನೆಯ ರಾತ್ರಿ ದೀಪಕ್ಕೆ 12 ಸಾಕು, ಜೊತೆಗೆ 3:4, ಜೊತೆಗೆ 0.6. 0.6ರ ಆ ಅಲ್ಟ್ರಾವೈಡ್ ಲೆನ್ಸಿನ ಅಂಚಲ್ಲಿ ಮಾತ್ರ ಮನೆಯವರನ್ನು ನಿಲ್ಲಿಸಬೇಡಿ, ತಲೆ ಕುಂಬಳಕಾಯಿ ಆಗುತ್ತದೆ.

ಕೊಕ್ಕರೆ ಬೆಳ್ಳೂರಿನ ಲೆಕ್ಕ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ನಡುವಿನ ಮರಗಳಲ್ಲೇ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಗೂಡು ಕಟ್ಟುತ್ತವೆ. ಮರದ ತುದಿಯಲ್ಲಿ ಒಂದು ಕೊಕ್ಕರೆ ನಿಂತಿದೆ, ಫೋಟೋದ ಅಗಲದಲ್ಲಿ ಅದರ ಪಾಲು ಹತ್ತರಲ್ಲಿ ಒಂದು ಅಂದುಕೊಳ್ಳಿ.

12.5ರ ಫೋಟೋದ ಅಳತೆ 4080 × 3072. ಹಕ್ಕಿಗೆ ಸಿಕ್ಕಿದ್ದು ಸುಮಾರು 400 ಚುಕ್ಕಿ ಅಗಲ. 50ರದ್ದು 8160 × 6144, ಹಕ್ಕಿಗೆ ಸುಮಾರು 800. ಇನ್ನು 3ಎಕ್ಸ್ ಟೆಲಿ ಲೆನ್ಸು ಇದ್ದರೆ? ಅದರ ಸೆನ್ಸರ್ ಬರೀ 12 ಮೆಗಾಪಿಕ್ಸೆಲ್, ಅಂದರೆ 4000 ಚುಕ್ಕಿ ಅಗಲ ಇದ್ದರೂ ಹಕ್ಕಿ ಅಲ್ಲಿ ಮೂರು ಪಟ್ಟು ದೊಡ್ಡದು. ಸಿಗುವುದು 1200. ಐದು ಕೋಟಿ ಚುಕ್ಕಿಯನ್ನು ಒಂದು ಸಣ್ಣ ಲೆನ್ಸು ಸೋಲಿಸಿತು. ಟೆಲಿ ಇಲ್ಲದ ಫೋನಿದ್ದರೆ 2ಎಕ್ಸ್ ಬಟನ್, ಅದೂ ಇಲ್ಲದಿದ್ದರೆ ಹಗಲಲ್ಲಿ 50. ಹಕ್ಕಿಗಾಗಿ ಹೊಸ ಫೋನ್ ಕೊಳ್ಳುವವರು ಮುಖ್ಯ ಕ್ಯಾಮೆರಾದ ಮೆಗಾಪಿಕ್ಸೆಲ್ ಬಿಟ್ಟು ಟೆಲಿ ಲೆನ್ಸು ಇದೆಯಾ ಅಂತ ಕೇಳಲಿ.

ಎಷ್ಟು ಕತ್ತರಿಸಿದರೆ ಪ್ರಿಂಟ್ ಚೆನ್ನಾಗಿ ಬರುತ್ತದೆ? ಇಂಚಿಗೆ 300 ಚುಕ್ಕಿ ಹಿಡಿದರೆ ಆಲ್ಬಮ್ಮಿನ 4 × 6 ಇಂಚಿಗೆ 1200 × 1800, ಬರೀ 22 ಲಕ್ಷ ಚುಕ್ಕಿ. 8 × 12 ಇಂಚಿಗೆ 86 ಲಕ್ಷ. 12ರ ಫೋಟೋ ಕತ್ತರಿಸದೆ ಇದ್ದರೆ ಎರಡಕ್ಕೂ ಸಾಕು. ಹುಟ್ಟುಹಬ್ಬದ ಫ್ಲೆಕ್ಸ್‌ಗೂ ಸಾಕು, ಅದನ್ನು ಯಾರೂ ಮೂಗು ತಾಗಿಸಿ ನೋಡುವುದಿಲ್ಲ. ಹಾಕಿಸಬೇಕೋ ಬೇಡವೋ, ಅದು ಬೇರೆ ಮಾತು.

ವಿಡಿಯೊ ಬಗ್ಗೆ ಎರಡು ಮಾತು. 4ಕೆ ಅಂದರೆ 83 ಲಕ್ಷ ಚುಕ್ಕಿ, 8ಕೆ ಅಂದರೆ 3.3 ಕೋಟಿ. ಫೋಟೋದಿಂದ ವಿಡಿಯೊಗೆ ಬಂದ ಕೂಡಲೇ ನೋಟ ಕಿರಿದಾದರೆ ಅದಕ್ಕೆ ಕಾರಣ 16:9 ಆಕಾರ ಮತ್ತು ಅಲುಗಾಟ ಸರಿಪಡಿಸಲು ಫೋನು ಅಂಚನ್ನು ಬಿಟ್ಟುಕೊಡುವುದು. ಗಗನಚುಕ್ಕಿಯ ಧಾರೆಗಳೆಲ್ಲ ಒಟ್ಟಿಗೆ ಬರಬೇಕಾದರೆ ಫೋನನ್ನು ಕಟ್ಟೆಯ ಮೇಲೆ ಗಟ್ಟಿಯಾಗಿ ಇಟ್ಟು, ಸ್ಟೆಬಿಲೈಸೇಷನ್ ಆಫ್ ಮಾಡಿ ನೋಡಿ.

ಇಷ್ಟೆಲ್ಲ ಮಾಡಿ ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಚುಕ್ಕಿಗಳ ಬಹುಪಾಲು ದಾರಿಯಲ್ಲೇ ಉದುರುತ್ತವೆ. ಎಚ್‌ಡಿ ಒತ್ತಿ ಕಳಿಸಿದರೆ ಸ್ವಲ್ಪ ವಾಸಿ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಫೈಲೇ ತಲುಪುತ್ತದೆ. ಕಳಿಸುವ ಮುಂಚೆ ಗ್ಯಾಲರಿಯಲ್ಲಿ ಆ ಫೋಟೋದ ವಿವರ ತೆರೆದು ಅಳತೆ ನೋಡಿ. 4080 ಅಂತಿದ್ದರೆ ನೀವು 50 ಹಾಕಿರಲಿಲ್ಲ ಅಂತಲೇ ಅರ್ಥ. ಕ್ಯಾಮೆರಾ ಮುಚ್ಚಿ ತೆರೆದರೆ ಕೆಲವು ಫೋನುಗಳು ತಾವಾಗೇ 12ಕ್ಕೆ ಮರಳುತ್ತವೆ, ಪ್ರತಿ ಸಲ ಹೊಸದಾಗಿ ಹಾಕಬೇಕು.